ಸ್ಪ್ಯಾನಿಷ್‌ನಲ್ಲಿ ಯಾರಿಗೆ ತೂ, ಯಾರಿಗೆ ಉಸ್ತೇದ್, ಎಲ್ಲಿ ಬೋಸ್?

ಹುಣಸೆಬೀಜ
ತೂ ಅಂದರೆ ನೀನು, ಉಸ್ತೇದ್ ಅಂದರೆ ನೀವು. ಪುಸ್ತಕದವರು ಎರಡನೇ ಪಾಠಕ್ಕೇ ಈ ವಿಷಯ ಮುಗಿಸಿಬಿಡುತ್ತಾರೆ. ಮೆಕ್ಸಿಕೋದ ಮೇಲ್, ಸ್ಪೇನ್‌ನ ಟಿವಿ ಸರಣಿ, ತೂ ಬದಲು ಬೋಸ್ ಎನ್ನುವ ಅರ್ಜೆಂಟೀನಾದವರ ವಾಟ್ಸಾಪ್ ಆಡಿಯೊ ಮೂರನ್ನೂ ಪಕ್ಕಪಕ್ಕ ಇಟ್ಟರೆ ಆ ಪಾಠ ಒಂದಕ್ಕೂ ಹೊಂದುವುದಿಲ್ಲ. ಬಲ್ಲವರು ಈ ನಾಲ್ಕು ಸಂದರ್ಭಕ್ಕೆ ಉತ್ತರ ಕೊಡಿ.

1. ಗ್ವಾದಲಹಾರಾದ ಕ್ಲೈಂಟ್ ಕಡೆಯ ಮ್ಯಾನೇಜರ್, ವಯಸ್ಸು ಐವತ್ತರ ಹತ್ತಿರ. ಮೊದಲ ಮೇಲ್.
2. ಮ್ಯಾಡ್ರಿಡ್‌ನಲ್ಲಿ ಬಾಡಿಗೆ ಮನೆಯ ಓನರ್ ಅಜ್ಜಿ, ಎಪ್ಪತ್ತು ದಾಟಿದವರು. ಜೊತೆಗೆ ಅವರ ನಲವತ್ತರ ಮಗ.
3. ಬ್ಯೂನಸ್ ಐರಿಸ್‌ನ ಸಮವಯಸ್ಕ ಸಹೋದ್ಯೋಗಿಗಳು.
4. ಬೊಗೊಟಾದ ಸಹೋದ್ಯೋಗಿ. ತಿಂಗಳುಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ ಮೇಲೂ ಉಸ್ತೇದ್ ಬಿಡುವುದಿಲ್ಲ. ಇದು ಬಿಗುಮಾನವೋ, ರೂಢಿಯೋ?

ನುಡಿಜೋಳಿಗೆ
ಸಂದರ್ಭಗಳಿಗೆ ಹೋಗುವ ಮೊದಲು ಕನ್ನಡಿಗರೇ ವಿಶೇಷವಾಗಿ ಎಡವುವ ಒಂದು ಕಡೆ ಇದೆ, ಅದನ್ನು ಹೇಳಿಬಿಡುತ್ತೇನೆ. ನಮ್ಮ "ನೀವು" ಎರಡು ಕೆಲಸ ಮಾಡುತ್ತದೆ: ಗೌರವಕ್ಕೂ ಅದೇ, ಬಹುವಚನಕ್ಕೂ ಅದೇ. ಹಾಗಾಗಿ ಗೌರವ ಅಂದ ಕೂಡಲೇ ನಾಲಿಗೆ ಬಹುವಚನದ ಕಡೆ ಓಡುತ್ತದೆ. ಒಬ್ಬ ಹಿರಿಯರನ್ನು "ಕೋಮೊ ಎಸ್ತಾನ್ ಉಸ್ತೇದೆಸ್" ಎಂದು ಕೇಳಿಬಿಡುತ್ತೇವೆ. ಅವರು ಬೆನ್ನ ಹಿಂದೆ ಇನ್ಯಾರಿದ್ದಾರೆ ಎಂದು ತಿರುಗಿ ನೋಡುತ್ತಾರೆ. ಸ್ಪ್ಯಾನಿಷ್‌ನಲ್ಲಿ ಗೌರವ ಏಕವಚನದಲ್ಲೇ ಇರುತ್ತದೆ. ಒಬ್ಬರಾದರೆ "ಕೋಮೊ ಎಸ್ತಾ ಉಸ್ತೇದ್", ಅಷ್ಟೇ.

ಕಾರಣ ಆ ಪದದ ಹುಟ್ಟಿನಲ್ಲಿದೆ. ಉಸ್ತೇದ್ ಮೂಲತಃ ಸರ್ವನಾಮವೇ ಅಲ್ಲ. "ಬ್ವೇಸ್ತ್ರ ಮೆರ್ಸೇದ್", ಅಂದರೆ "ತಮ್ಮ ಕೃಪೆ" ಎಂಬ ಬಿರುದು ಸವೆದು ಸವೆದು ಉಸ್ತೇದ್ ಆಯಿತು. ಮಠದಲ್ಲಿ ಎದುರಿಗೇ ಕೂತವರಿಗೆ "ಸ್ವಾಮಿಗಳು ಪ್ರಸಾದ ಸ್ವೀಕರಿಸಬೇಕು", "ಸನ್ನಿಧಾನ ದಯಮಾಡಿಸಬೇಕು" ಎನ್ನುತ್ತೇವಲ್ಲ, ಅದೇ ಲೆಕ್ಕ. ಎದುರಿನವರನ್ನು ನೇರವಾಗಿ ಕರೆಯದೆ ಮೂರನೆಯವರ ಬಗ್ಗೆ ಮಾತಾಡಿದ ಹಾಗೆ. ಅದಕ್ಕೇ ಉಸ್ತೇದ್‌ಗೆ ಪ್ರಥಮ ಪುರುಷ ಏಕವಚನದ ಕ್ರಿಯಾಪದ, ಅಂದರೆ "ಅವನು, ಅವಳು" ಗೆ ಬರುವುದೇ ಇಲ್ಲಿಗೂ. ತೂ ಬ್ಯೇನೆಸ್, ಉಸ್ತೇದ್ ಬ್ಯೇನೆ, ಎಲ್ ಬ್ಯೇನೆ.

ಎರಡನೇ ತಪ್ಪೂ ಇದರ ಬೆನ್ನಿಗೇ ಬರುತ್ತದೆ. ಕನ್ನಡದಲ್ಲಿ "ಅಪ್ಪ ಬಂದರು", "ಮೇಷ್ಟ್ರು ಹೇಳಿದರು". ಸ್ಪ್ಯಾನಿಷ್‌ನಲ್ಲಿ ಎದುರಿಗಿಲ್ಲದವರಿಗೆ ಗೌರವದ ರೂಪವೇ ಇಲ್ಲ. "ಮಿ ಪಾದ್ರೆ ಬ್ಯೇನೆ", ಅಪ್ಪ ಬರುತ್ತಾನೆ ಎಂಬ ರೂಪವೇ ಸರಿ. "ಬ್ಯೇನೆನ್" ಎಂದರೆ ಎಷ್ಟು ಜನ ಅಪ್ಪಂದಿರು ಎಂಬ ಪ್ರಶ್ನೆ ಬರುತ್ತದೆ.

ಉಚ್ಚಾರಕ್ಕೆ ಒಂದು ಸೂಚನೆ: ಇಲ್ಲಿ ದೀರ್ಘ ಬರೆದ ಕಡೆ ಒತ್ತು ಕೊಟ್ಟು ಓದಿ. ಸ್ಪ್ಯಾನಿಷ್‌ನಲ್ಲಿ ವಿ, ಬಿ ಎರಡೂ ಅಕ್ಷರಕ್ಕೆ ಬಕಾರವೇ, ಎಚ್‌ಗೆ ಸದ್ದಿಲ್ಲ, ಟಿ ಅಂದರೆ ನಮ್ಮ ತ.

ಹುಣಸೆಬೀಜ
ಎಸ್ತಾನ್ ತಪ್ಪು ಈ ತಲೆಯಲ್ಲೂ ಕೂತಿತ್ತು. ಹಾಗಾದರೆ ಕ್ರಿಯಾಪದ ಒಂದನ್ನು ಬದಲಿಸಿದರೆ ಸಾಕಾ?

ನುಡಿಜೋಳಿಗೆ
ಸಾಲದು. ಸರ್ವನಾಮ ಒಂಟಿಯಾಗಿ ಬರುವುದಿಲ್ಲ, ಬಳಗ ಕಟ್ಟಿಕೊಂಡು ಬರುತ್ತದೆ. ನಮ್ಮ ಹಾಗೆಯೇ ಅವರೂ ಮಾತಿನಲ್ಲಿ ಸರ್ವನಾಮ ನುಂಗುತ್ತಾರೆ. "ಬಂದ್ಯಾ", "ಬಂದ್ರಾ" ಅಂದರೆ ನಮಗೆ ಸಾಕು, ನೀನು ನೀವು ಬೇಕಿಲ್ಲ. ಆದ್ದರಿಂದ ತೂ ಎಂಬ ಪದ ಬಾಯಿಂದ ಬರದಿದ್ದರೂ ಉಳಿದ ತುಣುಕುಗಳು ನಿಮ್ಮನ್ನು ಹಿಡಿದುಕೊಡುತ್ತವೆ.

ತೂ ಆದರೆ: ನಿನ್ನನ್ನು, ನಿನಗೆ ಎರಡಕ್ಕೂ "ತೆ", ನಿನ್ನ "ತು", ನಿನಗಾಗಿ "ಪಾರ ತೀ", ನಿನ್ನ ಜೊತೆ "ಕೊಂತೀಗೊ". ಬರೆಯುವಾಗ "ನೀನು" ಎಂಬ ತೂಗೆ ಮೇಲೆ ಗೀಟು ಬೇಕು, "ನಿನ್ನ" ಎಂಬ ತುಗೆ ಬೇಡ.

ಉಸ್ತೇದ್ ಆದರೆ: ನಿಮ್ಮನ್ನು ಎನ್ನಲು ಗಂಡಸಿಗೆ "ಲೊ", ಹೆಂಗಸಿಗೆ "ಲ", ನಿಮಗೆ ಎನ್ನಲು ಇಬ್ಬರಿಗೂ "ಲೆ", ನಿಮ್ಮ "ಸು", ನಿಮ್ಮ ಜೊತೆ "ಕೊನ್ ಉಸ್ತೇದ್". ನಾಳೆ ಫೋನ್ ಮಾಡುತ್ತೇನೆ ಎನ್ನಲು ಗೆಳೆಯನಿಗೆ "ತೆ ಯಾಮೊ ಮನ್ಯಾನ", ಸಾಹೇಬರಿಗೆ "ಲೊ ಯಾಮೊ", ಮೇಡಂಗೆ "ಲ ಯಾಮೊ". ಸ್ಪೇನ್‌ನಲ್ಲಿ ಗಂಡಸರಿಗೆ "ಲೆ ಯಾಮೊ" ಎನ್ನುವುದೂ ಚೆನ್ನಾಗಿ ರೂಢಿಯಲ್ಲಿದೆ.

ಹೆಚ್ಚು ಜನ ಮುಗ್ಗರಿಸುವ ಕಡೆ ಇದು: ಲೆ ಮುಂದೆ ಲೊ ಅಥವಾ ಲ ಬಂದರೆ ಲೆ ಹೋಗಿ "ಸೆ" ಆಗುತ್ತದೆ. "ಅದನ್ನು ನಿಮಗೆ ಕಳಿಸುತ್ತೇನೆ" ಎನ್ನಲು "ಲೆ ಲೊ" ಅಲ್ಲ, "ಸೆ ಲೊ ಎಂಬೀಒ". ಬಾಯಿಪಾಠ ಮಾಡುವುದಾದರೆ ತೂ, ಉಸ್ತೇದ್ ಎಂದು ಮಾಡಬೇಡಿ. "ತೆ ಲೊ ಎಂಬೀಒ", "ಸೆ ಲೊ ಎಂಬೀಒ" ಎಂದು ಜೋಡಿಯಾಗಿ ಮಾಡಿ.

"ಸು" ಬಗ್ಗೆಯೂ ಹುಷಾರು. ಅವನ, ಅವಳ, ಅವರ, ನಿಮ್ಮ ಎಲ್ಲಕ್ಕೂ ಸು ಒಂದೇ. ಯಾರದು ಎಂಬ ಗೊಂದಲ ಬಂದರೆ "ದೆ ಉಸ್ತೇದ್" ಎಂದು ಬಿಡಿಸಿ ಹೇಳುತ್ತಾರೆ. ಅದೇ ಕಾರಣಕ್ಕೆ ಉಸ್ತೇದ್ ಎಂಬ ಪದವನ್ನು ತೂನಷ್ಟು ಸಲೀಸಾಗಿ ನುಂಗುವುದಿಲ್ಲ.

ಪೇಢೆಪ್ರಿಯ
ನೋಡ್ರಿ, ಸರ್ವನಾಮಕ್ಕಿಂತ ಹೆಚ್ಚು ಪೆಟ್ಟು ಬೀಳೂದು ಬಾ, ಹೇಳು, ಮಾಡು ಅನ್ನೂ ಕಡೆ. ನಮ್ಮಲ್ಲಿ "ಹೇಳು"ಕ್ಕ "ರಿ" ಹಚ್ಚಿದ್ರ "ಹೇಳ್ರಿ", ಕೆಲಸ ಮುಗೀತು. ಸ್ಪ್ಯಾನಿಷ್‌ದಾಗ ಹಂಗ ಬಾಲ ಹಚ್ಚಾಕ ಬರೂದಿಲ್ಲ. ತೂ ರೂಪನ ಬ್ಯಾರೆ, ಉಸ್ತೇದ್ ರೂಪನ ಬ್ಯಾರೆ.

ಉಸ್ತೇದ್ ರೂಪ ಮಾಡೂದು ಹಿಂಗ: "ನಾನು" ರೂಪ ತಗೋರಿ, ಕಡೀ ಒ ತೆಗೀರಿ, ಆರ್ ಅಂತ ಮುಗಿಯೂ ಕ್ರಿಯಾಪದಕ್ಕ ಎ ಹಚ್ಚರಿ, ಏರ್ ಮತ್ತ ಈರ್ ಕ್ರಿಯಾಪದಕ್ಕ ಅ ಹಚ್ಚರಿ. ಆಬ್ಲೊ (ಮಾತಾಡ್ತೀನಿ) ಹೋಗಿ ಆಬ್ಲೆ (ಮಾತಾಡ್ರಿ). ತೇಂಗೊ ಹೋಗಿ ತೇಂಗ. ಬೇಂಗೊ ಹೋಗಿ ಬೇಂಗ. ದೀಗೊ ಹೋಗಿ ದೀಗ. ಈ ಲೆಕ್ಕಕ್ಕ ಸಿಗದವು ಐದಾರು ಅದಾವ, ಅದರಾಗ ದಿನಾ ಬೇಕಾಗೂವು ಎರಡು: ಸೇರ್ (ಆಗು, ಇರು) ಅನ್ನೂದಕ್ಕ "ಸೇಅ", ಹೋಗ್ರಿ ಅನ್ನಾಕ "ಬಾಯ".

ತೂ ಕಡೆ ಸುಲಭ, ಎಂಟು ಮಾತ್ರ ಬಾಯಾಗ ಇರ್ಲಿ: ಬೆನ್ (ಬಾ), ದಿ (ಹೇಳು), ಆಸ್ (ಮಾಡು), ತೆನ್ (ತಗೋ), ಪೋನ್ (ಇಡು), ಸಾಲ್ (ಹೊರಗ ಹೋಗು), ಬೆ (ಹೋಗು), ಸೆ (ಆಗು). ಉಳಿದವೆಲ್ಲ ಲೆಕ್ಕಕ್ಕ ಸಿಗ್ತಾವ.

"ಬ್ಯಾಡ" ಅನ್ನೂವಾಗ ಮಾತ್ರ ತೂ ರೂಪನೂ ತಿರುಗತೈತಿ. ಬೆನ್ ಅಂದ್ರ ಬಾ, ಆದ್ರ "ನೋ ಬೆನ್" ಅನಬ್ಯಾಡ್ರಿ. ತೂಗೆ "ನೋ ಬೇಂಗಸ್", ಉಸ್ತೇದ್‌ಗೆ "ನೋ ಬೇಂಗ". "ನನಗ" ಅನ್ನೂ "ಮೆ" ಸೈತ ಜಾಗ ಬದಲಿಸ್ತದ: "ದೀಗಮೆ" ಅಂದ್ರ ಹೇಳ್ರಿ, "ನೋ ಮೆ ದೀಗ" ಅಂದ್ರ ಹೇಳಬ್ಯಾಡ್ರಿ.

ಕುಂದ್ರು ಅನ್ನೂದಕ್ಕ ಮೂರೂ ನೋಡ್ರಿ, ಒತ್ತು ಎಲ್ಲಿ ಬೀಳತೈತಿ ಅಂತ: ತೂಗೆ ಸ್ಯೇನ್ತತೆ, ಉಸ್ತೇದ್‌ಗೆ ಸ್ಯೇನ್ತೆಸೆ, ಬೋಸ್‌ಗೆ ಸೆನ್ತಾತೆ.

ಜೋಳದರೊಟ್ಟಿ
ಮೊದಲ ಸಂದರ್ಭಕ್ಕೆ, ಅಂದರೆ ಮೆಕ್ಸಿಕೋಗೆ. ಮೊದಲ ಮೇಲ್ ಉಸ್ತೇದ್‌ನಲ್ಲೇ ಬರೆಯಿರಿ. ಅಲ್ಲಿ ಹುದ್ದೆ, ಓದು ಕೂಡ ಸಂಬೋಧನೆಗೆ ಬರುತ್ತವೆ: ಎಂಜಿನಿಯರ್‌ಗೆ "ಇಂಹೆನ್ಯೇರೊ", ಪದವೀಧರರಿಗೆ "ಲಿಸೆನ್ಸ್ಯಾದೊ", ಹೆಂಗಸಾದರೆ "ಲಿಸೆನ್ಸ್ಯಾದ". ನಮ್ಮ "ಸರ್, ಮೇಡಂ" ಇದ್ದ ಹಾಗೆ ಎಂದು ತಿಳಿಯಿರಿ. ಇವೆಲ್ಲ ಬಂದ ಮೇಲೆ ಉಸ್ತೇದ್ ಬಿಟ್ಟು ಬೇರೆ ಬರುವಂತಿಲ್ಲ.

ಹೆಸರಿನಲ್ಲಿ ಒಂದು ಹಳ್ಳ ಇದೆ. ಅಲ್ಲಿಯವರಿಗೆ ಎರಡು ಮನೆತನದ ಹೆಸರು: ಮೊದಲು ಅಪ್ಪನ ಕಡೆಯದು, ಆಮೇಲೆ ಅಮ್ಮನ ಕಡೆಯದು. ಲೂಯಿಸ್ ಗಾರ್ಸೀಯ ಲೋಪೆಸ್ ಎಂದಿದ್ದರೆ ಅವರು "ಸೆನ್ಯೋರ್ ಗಾರ್ಸೀಯ". ಕಡೆಯ ಪದ ನೋಡಿ "ಸೆನ್ಯೋರ್ ಲೋಪೆಸ್" ಎಂದರೆ ತಪ್ಪು. ವಯಸ್ಸಾದವರನ್ನು ಆದರದಿಂದ ಕರೆಯುವ "ದೋನ್", "ದೋನ್ಯ" ಮಾತ್ರ ಸ್ವಂತ ಹೆಸರಿಗೆ ಹತ್ತುತ್ತದೆ: ದೋನ್ ಲೂಯಿಸ್. ಹೆಸರು ಹತ್ತಿರದ್ದಾದರೂ ಕ್ರಿಯಾಪದ ಉಸ್ತೇದ್‌ನದೇ.

ಯಾವಾಗ ತೂಗೆ ಇಳಿಯಬೇಕು? ಎರಡು ಗುರುತು. ಒಂದು, ಅವರೇ "ಆಬ್ಲಮೆ ದೆ ತೂ" ಎನ್ನುತ್ತಾರೆ, ನನ್ನನ್ನು ತೂ ಅಂತಲೇ ಮಾತಾಡಿಸು ಎಂದು. ಎರಡು, ಉತ್ತರದಲ್ಲಿ ಅವರು ತೆ, ತು ಬಳಸಿ ಬರಿ ಸ್ವಂತ ಹೆಸರಿನಿಂದ ಸಹಿ ಮಾಡುತ್ತಾರೆ. ಸಮಾನ ಹುದ್ದೆಯವರಾದರೆ ನಿಮ್ಮ ಮುಂದಿನ ಮೇಲ್ ತೂನಲ್ಲಿ ಹೋಗಲಿ. ಅವರು ನಿಮಗಿಂತ ತುಂಬಾ ಹಿರಿಯರಾದರೆ ಎರಡನೇ ಗುರುತನ್ನು ನಂಬಬೇಡಿ. ಹಿರಿಯರು ಕಿರಿಯರಿಗೆ ತೂ, ಕಿರಿಯರು ಹಿರಿಯರಿಗೆ ಉಸ್ತೇದ್ ಎಂಬ ಏಕಮುಖ ಸಂಚಾರ ಮೆಕ್ಸಿಕೋದಲ್ಲಿ ಸಹಜ. ನಮಗೇನೂ ಹೊಸದಲ್ಲ.

ಹೋಟೆಲಿನಲ್ಲಿ "ಮೆ ತ್ರಾಎ ಲ ಕ್ವೇಂತ, ಪೊರ್ ಫಬೋರ್", ಬಿಲ್ ತರುತ್ತೀರಾ. ಮಾಣಿ ಇಪ್ಪತ್ತರ ಹುಡುಗನಾದರೂ ಪರಿಚಯವಿಲ್ಲದಿದ್ದರೆ ಉಸ್ತೇದ್ ಅಂದರೇ ಚೆಂದ. ಕೇಳಿಸದಿದ್ದರೆ ಅಲ್ಲಿಯವರು "ಮಾಂದೆ" ಎನ್ನುತ್ತಾರೆ. "ಅಪ್ಪಣೆ ಆಗಲಿ" ಎಂಬ ಹಳೇ ಉಸ್ತೇದ್ ರೂಪ, ಈಗ ನಮ್ಮ "ಆಂ?" ಎಂಬ ಜಾಗದಲ್ಲಿ ನಿಂತಿದೆ.

ಬಿಸಿಬೇಳೆ
ಮೇಲಿನದು ಮೆಕ್ಸಿಕೋಗೆ ಸರಿ. ಅದನ್ನೇ ಸ್ಪೇನ್‌ಗೆ ಹೊತ್ತುಕೊಂಡು ಹೋಗಬೇಡಿ. ಸ್ಪೇನ್‌ನಲ್ಲಿ ತೂ ಬಹಳ ದೂರ ಹರಡಿದೆ: ಅಂಗಡಿ, ಆಫೀಸು, ಕಾಲೇಜಿನ ಪ್ರೊಫೆಸರ್, ಬ್ಯಾಂಕಿನ ಕೌಂಟರ್. ತರಕಾರಿಯವಳೇ "ಕೆ ತೆ ಪೋಂಗೊ", ಏನು ಹಾಕಲಿ ನಿನಗೆ ಎನ್ನುತ್ತಾಳೆ. ನಲವತ್ತರ ಮಗನಿಗೆ ಉಸ್ತೇದ್ ಅಂದರೆ "ಇಷ್ಟು ಮುದುಕನಾಗಿ ಕಂಡೆನಾ" ಎಂದು ನಗುತ್ತಾನೆ, ಇಲ್ಲವೇ ನೀವು ಅಂತರ ಇಡುತ್ತಿದ್ದೀರಿ ಎಂದುಕೊಳ್ಳುತ್ತಾನೆ. ಅವನಿಗೆ ಮೊದಲ ಮಾತಿನಿಂದಲೇ ತೂ.

ಅಜ್ಜಿಗೆ ಉಸ್ತೇದ್‌ನಿಂದ ಶುರು ಮಾಡಿ. ಹೆಚ್ಚಿನಂಶ ಆಕೆಯೇ "ತುತೇಅಮೆ, ಈಹೊ" ಎನ್ನುತ್ತಾರೆ, ತೂ ಅನ್ನು ಮಗಾ ಎಂದು. ಹೇಳಿದ ಮೇಲೆ ಮತ್ತೆ ಉಸ್ತೇದ್ ಹಿಡಿದು ಕೂರುವುದು ವಿನಯವಲ್ಲ, ಕೊಟ್ಟ ಸಲಿಗೆಯನ್ನು ವಾಪಸು ಮಾಡಿದಂತೆ. ಸ್ಪೇನ್‌ನಲ್ಲಿ ಉಸ್ತೇದ್ ಗಟ್ಟಿಯಾಗಿ ಉಳಿದಿರುವುದು ಪೊಲೀಸರ ಜೊತೆ, ಕೋರ್ಟಿನಲ್ಲಿ, ಸರ್ಕಾರಿ ಪತ್ರದಲ್ಲಿ, ತೀರ ವಯಸ್ಸಾದವರ ಜೊತೆ, ಮತ್ತು ಗಿರಾಕಿಯನ್ನು ಮಾತಾಡಿಸುವ ದೊಡ್ಡ ಹೋಟೆಲುಗಳಲ್ಲಿ.

ಕೇಳಿ ತಿಳಿಯಬೇಕೆಂದರೆ "ನೋಸ್ ತುತೆಯಾಮೊಸ್", ತೂ ಎಂದೇ ಮಾತಾಡೋಣವೇ. ಇದನ್ನು ಹಿರಿಯರು ಕೇಳುವುದು ವಾಡಿಕೆ.

ಹುಣಸೆಬೀಜ
ಅಜ್ಜಿ, ಮಗ ಇಬ್ಬರೂ ಒಟ್ಟಿಗೆ ನಿಂತಿದ್ದರೆ? ಒಬ್ಬರಿಗೆ ಉಸ್ತೇದ್, ಇನ್ನೊಬ್ಬರಿಗೆ ತೂ. ಇಬ್ಬರಿಗೂ ಸೇರಿಸಿ ಏನನ್ನಬೇಕು?

ಬಿಸಿಬೇಳೆ
ಸ್ಪೇನ್‌ನಲ್ಲಿ ಮಾತ್ರ ಈ ತಲೆನೋವು. ಅಲ್ಲಿ ತೂಗೆ ಬಹುವಚನ "ಬೊಸೋತ್ರೊಸ್", ಬರಿ ಹೆಂಗಸರೇ ಇದ್ದರೆ "ಬೊಸೋತ್ರಸ್", ಉಸ್ತೇದ್‌ಗೆ "ಉಸ್ತೇದೆಸ್". ಗುಂಪಿನಲ್ಲಿ ಒಬ್ಬರಿಗಾದರೂ ಉಸ್ತೇದ್ ಅನ್ನುತ್ತಿದ್ದರೆ ಒಟ್ಟು ಗುಂಪಿಗೆ ಉಸ್ತೇದೆಸ್ ಅಂದರೆ ಎಡವಟ್ಟಾಗುವುದಿಲ್ಲ. ಅಜ್ಜಿ ತೂಗೆ ಒಪ್ಪಿದ ದಿನ ಇಬ್ಬರಿಗೂ ಬೊಸೋತ್ರೊಸ್.

ಬೊಸೋತ್ರೊಸ್ ಬಳಗ ಹೀಗೆ: ಕ್ರಿಯಾಪದ ಅಬ್ಲಾಯ್ಸ್, ಕೊಮೇಯ್ಸ್, ಬಿಬೀಸ್, ನಿಮ್ಮನ್ನು, ನಿಮಗೆ "ಓಸ್", ನಿಮ್ಮ "ಬ್ವೇಸ್ತ್ರೊ". ಬನ್ನಿ ಎನ್ನಲು ಬೆನೀದ್. ಓಸ್ ಅಂಟಿಕೊಂಡರೆ ಕಡೆಯ ದ್ ಬಿದ್ದುಹೋಗುತ್ತದೆ, ಹಾಗಾಗಿ ಕುಳಿತುಕೊಳ್ಳಿ ಎನ್ನಲು "ಸೆನ್ತಾಒಸ್". ಮಾತಿನಲ್ಲಿ ಬೆನೀದ್ ಬದಲು "ಬೆನೀರ್" ಎನ್ನುವುದು ಕಿವಿಗೆ ಬೀಳುತ್ತಲೇ ಇರುತ್ತದೆ, ಬರೆಯುವಾಗ ಬೇಡ. ಹೊರಡಿ ಎನ್ನುವ "ಈರೊಸ್" ಒಂದಕ್ಕೆ ಮಾತ್ರ ಸ್ಪೇನ್‌ನ ರಾಯಲ್ ಅಕಾಡೆಮಿ 2017ರಲ್ಲಿ ಒಪ್ಪಿಗೆ ಕೊಟ್ಟಿತು, ಯಾಕೆಂದರೆ ದ್ ಬೀಳದ ಶುದ್ಧ ರೂಪವಾದ "ಈದೊಸ್" ಜನರ ಬಾಯಲ್ಲಿ ಬರುತ್ತಲೇ ಇರಲಿಲ್ಲ.

ಜೋಳದರೊಟ್ಟಿ
ಲ್ಯಾಟಿನ್ ಅಮೆರಿಕದಲ್ಲಿ ಬೊಸೋತ್ರೊಸ್ ಬಳಕೆಯಲ್ಲಿಲ್ಲ. ಮಕ್ಕಳಿಗೂ ಮಂತ್ರಿಗೂ ಬಹುವಚನ ಉಸ್ತೇದೆಸ್ ಒಂದೇ. ಅಲ್ಲಿಗಷ್ಟೇ ಕಲಿಯುವವರು ಬೊಸೋತ್ರೊಸ್ ಕೇಳಿದರೆ ಅರ್ಥವಾಗುವಷ್ಟು ಕಲಿತರೆ ಸಾಕು, ಮಾತಾಡಲು ಬೇಕಿಲ್ಲ. ಕೆನರಿ ದ್ವೀಪಗಳು ಸ್ಪೇನ್‌ಗೆ ಸೇರಿದ್ದರೂ ಬಹುಪಾಲು ಅಲ್ಲಿಯೂ ಉಸ್ತೇದೆಸ್ಸೇ.

ಕಟ್ಟೆಹರಟೆ
ಮೂರನೇ ಸಂದರ್ಭ, ಬ್ಯೂನಸ್ ಐರಿಸ್. ಅಲ್ಲಿ ತೂ ಇಲ್ಲ. ಅದರ ಜಾಗದಲ್ಲಿ ಬೋಸ್. ಇದು ಬೀದಿಯ ಆಡುಮಾತು ಎಂದುಕೊಂಡವರಿದ್ದಾರೆ, ಅದು ತಪ್ಪು. ಜಾಹೀರಾತು, ಟಿವಿ, ಶಾಲೆ ಎಲ್ಲ ಕಡೆ ಬೋಸ್ಸೇ. ಅರ್ಜೆಂಟೀನಾದ ಸಾಹಿತ್ಯ ಅಕಾಡೆಮಿ 1982ರಲ್ಲೇ ಇದನ್ನು ಶಿಷ್ಟ ರೂಪವೆಂದು ಮಾನ್ಯ ಮಾಡಿದೆ.

ಕಲಿಯಲು ತೂಗಿಂತ ಸುಲಭ. ಮೂಲ ಕ್ರಿಯಾಪದದ ಕಡೆಯ ರ್ ತೆಗೆದು ಸ್ ಹಚ್ಚಿ, ಕಡೆಯ ಸ್ವರಕ್ಕೆ ಒತ್ತು ಕೊಡಿ. ಅಬ್ಲಾರ್, ಅಬ್ಲಾಸ್. ತೆನೇರ್, ತೆನೇಸ್. ಪೊದೇರ್, ಪೊದೇಸ್. ಬೆನೀರ್, ಬೆನೀಸ್. ತೂನಲ್ಲಿ ತ್ಯೇನೆಸ್, ಪ್ವೇದೆಸ್, ಬ್ಯೇನೆಸ್ ಎಂದು ಒಳಗಿನ ಸ್ವರ ಒಡೆಯುತ್ತದಲ್ಲ, ಆ ಕಾಟ ಇಲ್ಲಿಲ್ಲ. ಲೆಕ್ಕ ತಪ್ಪುವುದರಲ್ಲಿ ಮುಖ್ಯವಾದದ್ದು ಸೇರ್‌ಗೆ "ಸೋಸ್". ಹೋಗು ಎಂಬುದರ ವರ್ತಮಾನ ರೂಪ "ಬಾಸ್", ತೂ ಜೊತೆ ಬರುವುದೇ.

ಆಜ್ಞೆಗೆ ರ್ ತೆಗೆದರೆ ಮುಗಿಯಿತು: ಅಬ್ಲಾ, ಕೊಮೇ, ಬೆನೀ, ದೆಸೀ, ಅಸೇ. ಪೇಢೆಪ್ರಿಯ ಅವರು ಕೊಟ್ಟ ಎಂಟರ ಪಟ್ಟಿ ಇಲ್ಲಿ ಬೇಡವೇ ಬೇಡ. ಒಂದೇ ಅಪವಾದ: ಹೋಗು ಎನ್ನಲು "ಅಂದಾ", ಬೇರೆ ಕ್ರಿಯಾಪದದಿಂದ ಸಾಲ ತಂದದ್ದು.

ಬಳಗ ಮಾತ್ರ ಮಿಶ್ರ ತಳಿ. ನಿನ್ನನ್ನು, ನಿನಗೆ ಎನ್ನಲು ತೂನ "ತೆ"ಯೇ, ನಿನ್ನ ಎನ್ನಲು "ತು"ವೇ. ಆದರೆ ನಿನ್ನ ಜೊತೆ ಎನ್ನಲು "ಕೊನ್ ಬೋಸ್", ನಿನಗಾಗಿ ಎನ್ನಲು "ಪಾರ ಬೋಸ್". ಕೊಂತೀಗೊ ಅಂದರೆ ಹೊರಗಿನವರು ಎಂದು ತಿಳಿಯುತ್ತದೆ. ಭೂತಕಾಲ, ಭವಿಷ್ಯತ್ ಎಲ್ಲ ತೂನದೇ ರೂಪ. ಬೇಡ ಎನ್ನುವ ಕಡೆ "ನೋ ಬೇಂಗಸ್" ಬಳಸಿ. "ನೋ ಬೆಂಗಾಸ್" ಎಂದೂ ಕೇಳುತ್ತೀರಿ, ಅದರಲ್ಲಿ ಗದರಿಕೆಯ ಖಾರ ಹೆಚ್ಚು. ಅಂದರೆ ಹೊಸದಾಗಿ ಕಲಿಯಬೇಕಾದ್ದು ವರ್ತಮಾನ ಮತ್ತು ಆಜ್ಞೆ, ಎರಡೇ.

ಸಹೋದ್ಯೋಗಿಗೆ ಮೊದಲ ದಿನವೇ ಬೋಸ್. ಬಾಸ್‌ಗೂ ಸಾಮಾನ್ಯವಾಗಿ ಬೋಸ್ಸೇ. ತೀರ ಹಿರಿಯರಿಗೆ, ಅಪರಿಚಿತ ಅಧಿಕಾರಿಗೆ ಉಸ್ತೇದ್. ನೀವು ತೂ ಅಂದರೂ ಅವರಿಗೆ ಅರ್ಥವಾಗುತ್ತದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ "ಬೋಸ್ ತ್ಯೇನೆಸ್" ಎಂದು ಅರ್ಧಂಬರ್ಧ ಬೆರೆಸಬೇಡಿ. ತೂ ಹಿಡಿದರೆ ತೂ ಪೂರ್ತಿ, ಬೋಸ್ ಹಿಡಿದರೆ ಬೋಸ್ ಪೂರ್ತಿ.

ಒಂದು ತಮಾಷೆ: ಅಷ್ಟು ಬೋಸ್ ಅನ್ನುವ ಅರ್ಜೆಂಟೀನಾದವರು ಚರ್ಚಿನ ಪ್ರಾರ್ಥನೆಯಲ್ಲಿ ದೇವರಿಗೆ ತೂ ಎನ್ನುತ್ತಾರೆ. ದೇವರನ್ನು ಏಕವಚನದಲ್ಲಿ ಕರೆಯುವುದರಲ್ಲಿ ಅವರೂ ನಾವೂ ಒಂದೇ, ವ್ಯಾಕರಣ ಮಾತ್ರ ಹಳೇ ಕಾಲದ್ದು.

ಹುಣಸೆಬೀಜ
ಒಂದೇ ಭಾಷೆ, ಒಂದು ಕಡೆ ತೂ, ಇನ್ನೊಂದು ಕಡೆ ಬೋಸ್. ಯಾಕೆ ಹೀಗೆ ಒಡೆಯಿತು?

ನುಡಿಜೋಳಿಗೆ
ಹಳೇ ಸ್ಪ್ಯಾನಿಷ್‌ನಲ್ಲಿ ಬೋಸ್ ಎಂಬುದು ಗೌರವದ ರೂಪ. ಎಲ್ಲರಿಗೂ ಎಲ್ಲರೂ ಬೋಸ್ ಅನ್ನುತ್ತ ಹೋದಂತೆ ಅದರ ಬೆಲೆ ಇಳಿಯಿತು. ಆಗ ಗೌರವಕ್ಕೆ ಬ್ವೇಸ್ತ್ರ ಮೆರ್ಸೇದ್ ಬಂತು. ಸ್ಪೇನ್‌ನಲ್ಲಿ ಬೋಸ್ ಮೂಲೆಗೆ ಬಿದ್ದು ಸಲಿಗೆಯ ಜಾಗಕ್ಕೆ ತೂ ಮರಳಿತು. ಮೆಕ್ಸಿಕೋ, ಲಿಮಾಗಳಲ್ಲಿ ವೈಸ್‌ರಾಯ್ ದರ್ಬಾರು ಇತ್ತು, ಸ್ಪೇನ್‌ನ ಹಡಗು, ಜನ, ಫ್ಯಾಷನ್ನು ಬರುತ್ತಲೇ ಇತ್ತು. ಅಲ್ಲಿ ತೂ ಗೆದ್ದಿತು. ದೂರದ ರಿಯೊ ದೆ ಲ ಪ್ಲಾತ (ಬ್ಯೂನಸ್ ಐರಿಸ್ ಸೀಮೆ), ಮಧ್ಯ ಅಮೆರಿಕಗಳಿಗೆ ಆ ಗಾಳಿ ಅಷ್ಟಾಗಿ ಬೀಸಲಿಲ್ಲ, ಅಲ್ಲಿ ಬೋಸ್ ಸಲಿಗೆಯ ರೂಪವಾಗಿ ಉಳಿಯಿತು. ಬೊಸೋತ್ರೊಸ್ ಕೂಡ ಬೋಸ್ ಮತ್ತು "ಬೇರೆಯವರು" ಎಂಬ ಓತ್ರೊಸ್ ಕೂಡಿ ಆದ ಪದ.

ಕಾಫಿಗಿಡ
ನಾಲ್ಕನೇ ಸಂದರ್ಭ ಬೊಗೊಟಾದ್ದು, ಎಲ್ಲಕ್ಕಿಂತ ಸ್ವಾರಸ್ಯದ್ದೂ ಹೌದು. ಅಲ್ಲಿ ಉಸ್ತೇದ್ ದೂರದ ಗುರುತಲ್ಲ. ಗೆಳೆಯರ ನಡುವೆ, ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ, ಪುಟ್ಟ ಮಗುವಿಗೆ, ಸಾಕಿದ ನಾಯಿಗೆ ಕೂಡ ಉಸ್ತೇದ್ ನಡೆಯುತ್ತದೆ. ಹಾಗಾಗಿ ನಿಮ್ಮ ಸಹೋದ್ಯೋಗಿಯದು ಬಿಗುಮಾನವಲ್ಲ. ಅವರು ಹೇಗೆ ಮಾತಾಡಿಸುತ್ತಾರೋ ಹಾಗೇ ನೀವೂ ಉಸ್ತೇದ್ ಅನ್ನಿ. ಸಲಿಗೆಯನ್ನು ಸರ್ವನಾಮದಲ್ಲಿ ಹುಡುಕದೆ ದನಿಯಲ್ಲಿ, ತಮಾಷೆಯಲ್ಲಿ ಹುಡುಕಬೇಕು.

ಕೊಲಂಬಿಯಾದ ಬೊಯಾಕಾ ಪ್ರಾಂತ ಮತ್ತು ಅದರ ಸುತ್ತ "ಸುಮೆರ್ಸೇ" ಎಂಬ ಇನ್ನೊಂದಿದೆ. ಇದೂ "ಮೆರ್ಸೇದ್" ಕಡೆಯ ಮಗುವೇ. ಮಾರುಕಟ್ಟೆಯಲ್ಲಿ ಹೂ ಮಾರುವವರು "ಸುಮೆರ್ಸೇ ಕೆ ಕ್ಯೇರೆ" ಎಂದರೆ ತಮಗೇನು ಬೇಕು ಎಂದರ್ಥ. ಕ್ರಿಯಾಪದ ಉಸ್ತೇದ್‌ನದು, ಭಾವ ಮಾತ್ರ ಅಕ್ಕರೆಯದು.

ಅದೇ ಕೊಲಂಬಿಯಾದಲ್ಲಿ ಕೆರಿಬಿಯನ್ ಕರಾವಳಿಗೆ ಇಳಿದರೆ ತೂ ಬೇಗ ಬರುತ್ತದೆ. ಮೆದೆಯೀನ್, ಕಾಲಿ ಕಡೆ ಗೆಳೆಯರ ನಡುವೆ ಬೋಸ್. ಒಂದೇ ದೇಶದೊಳಗೆ ಮೂರೂ.

ಕೋಸ್ತ ರೀಕದಲ್ಲೂ ಉಸ್ತೇದ್‌ನ ರಾಜ್ಯಭಾರ. ಹತ್ತಿರದವರಿಗೆ ಬೋಸ್. ತೂ ಅಂದರೆ ಸ್ಥಳೀಯರ ನಡುವೆ ಬಿಂಕವೆನಿಸುತ್ತದೆ. ಅಲ್ಲಿಗೆ ಹೋಗುವವರು ಉಸ್ತೇದ್ ಒಂದನ್ನೇ ಗಟ್ಟಿ ಮಾಡಿಕೊಂಡರೆ ದಿನ ಸಾಗುತ್ತದೆ.

ಚಿಲಿಗೆ ಬೇರೆಯೇ ಎಚ್ಚರ ಬೇಕು. ಅಲ್ಲಿ ಸರ್ವನಾಮ ತೂ, ಕ್ರಿಯಾಪದ ಬೋಸ್ ಕಡೆಯದು: "ತೂ ಕೆರೀಸ್", "ಕೋಮೊ ಎಸ್ತಾಯ್". ಗೆಳೆಯರ ನಡುವೆ ಇದು ಸಹಜ. ಆದರೆ ಬೋಸ್ ಎಂಬ ಪದವನ್ನೇ ಎದುರಿಗೆ ಅಂದರೆ "ಏನೋ ಲೋ" ಎಂದಷ್ಟು ಒರಟು. ಅರ್ಜೆಂಟೀನಾದಲ್ಲಿ ಕಲಿತದ್ದನ್ನು ಆಂಡಿಸ್ ದಾಟಿಸಬೇಡಿ. ಹೊರಗಿನವರು ಸರಳವಾಗಿ "ತೂ ಕ್ಯೇರೆಸ್" ಎಂದರೆ ಸಾಕು.

ಪೇಢೆಪ್ರಿಯ
ನಾಯಿಗೂ ಉಸ್ತೇದ್ ಅಂದ್ರ ನಗಬ್ಯಾಡ್ರಿ. ತಡವಾಗಿ ಎದ್ದ ಹುಡುಗಗ "ಏನ್ರೀ ಸಾಹೇಬ್ರ, ಎದ್ರ್ಯಾ?" ಅಂತ ನಾವು ಅನ್ನೂದಿಲ್ಲೇನು? ಬ್ಯಾರೆ ದೇಶದಾಗೂ ಮಕ್ಕಳನ್ನ ಬೈಯೂವಾಗ ತೂ ಬಿಟ್ಟು ಉಸ್ತೇದ್‌ಗೆ ಏರೂದು ಐತಿ. ಅವ್ವ ದಿನಾ ತೂ ಅನ್ನಾಕಿ ಇದ್ದಕ್ಕಿದ್ದಂಗ ಉಸ್ತೇದ್ ಅಂದ್ಳು ಅಂದ್ರ ಹುಡುಗ ಏನೋ ಮಾಡ್ಯಾನ ಅಂತ.

ಹುಣಸೆಬೀಜ
ಗ್ವಾದಲಹಾರಾದ ಮೇಲ್‌ಗೆ ಕರಡು ಹೀಗಿದೆ. ತಿದ್ದಿ.

"ಎಸ್ತಿಮಾದೊ ಸೆನ್ಯೋರ್ ಗಾರ್ಸೀಯ: ಗ್ರಾಸ್ಯಸ್ ಪೊರ್ ತು ಮೆನ್ಸಾಹೆ. ಲೆ ಎಂಬೀಒ ಎಲ್ ಇನ್ಫೋರ್ಮೆ. ಸಿ ತ್ಯೇನೆಸ್ ದೂದಸ್, ಯಾಮಮೆ. ಮನ್ಯಾನ ತೆ ಲೊ ಎಕ್ಸ್‌ಪ್ಲೀಕೊ ಪೊರ್ ತೆಲೇಫೊನೊ."

ಜೋಳದರೊಟ್ಟಿ
ಸಂಬೋಧನೆ ಸರಿ, ಹೆಸರೂ ಸರಿ. ಅದರ ಮುಂದೆ ಅಲ್ಪವಿರಾಮ ಹಾಕದೆ ಎರಡು ಚುಕ್ಕಿ ಇಟ್ಟಿದ್ದೀರಿ, ಅದೇ ಸ್ಪ್ಯಾನಿಷ್ ಪದ್ಧತಿ. ಆಮೇಲೆ ನಾಲ್ಕು ಕಡೆ ಜಾರಿದೆ. "ತು ಮೆನ್ಸಾಹೆ" ಆಗಬೇಕು "ಸು ಮೆನ್ಸಾಹೆ". "ಲೆ ಎಂಬೀಒ" ಸರಿ ಇದೆ. "ಸಿ ತ್ಯೇನೆಸ್" ಆಗಬೇಕು "ಸಿ ತ್ಯೇನೆ". "ಯಾಮಮೆ" ತೂ ರೂಪ, "ಯಾಮೆಮೆ" ಆಗಬೇಕು. ಒಂದೇ ಸ್ವರದ ವ್ಯತ್ಯಾಸ, ಕಣ್ಣು ತಪ್ಪುವುದು ಇಲ್ಲೇ. "ತೆ ಲೊ" ಆಗಬೇಕು "ಸೆ ಲೊ ಎಕ್ಸ್‌ಪ್ಲೀಕೊ".

ಕಳಿಸುವ ಮೊದಲು ಕಡೆಯಿಂದ ಮೊದಲಿಗೆ ಓದಿ, ತೆ, ತು, ಸ್‌ನಲ್ಲಿ ಮುಗಿಯುವ ಕ್ರಿಯಾಪದ ಈ ಮೂರನ್ನೇ ಹುಡುಕಿ. "ನಾವು" ರೂಪದ ಮೊಸ್, ಮತ್ತು "ಎಸ್" ಬಿಟ್ಟು ಉಸ್ತೇದ್ ಮೇಲ್‌ನಲ್ಲಿ ಒಂದು ಸಿಕ್ಕರೂ ಸೋರಿದೆ ಎಂದರ್ಥ. ಇಂಗ್ಲಿಷ್‌ನಲ್ಲಿ ಕರಡು ಬರೆದು ಭಾಷಾಂತರ ಆಪ್‌ಗೆ ಹಾಕುವವರಿಗೆ ಈ ಸೋರಿಕೆ ಜಾಸ್ತಿ, ಯಾಕೆಂದರೆ "ಯೂ"ನಲ್ಲಿ ಈ ಭೇದವೇ ಇಲ್ಲ.

ಮೆಕ್ಸಿಕೋದ ಆಫೀಸಿಗೆ ಮುಕ್ತಾಯ "ಕೇದೊ ಅ ಸು ದಿಸ್ಪೊಸಿಸ್ಯೋನ್" ಅಥವಾ ಸರಳವಾಗಿ "ಸಲೂದೊಸ್" ಎಂದಿರಲಿ. ಉಸ್ತೇದ್ ಅನ್ನು ಸಂಕ್ಷೇಪಿಸಿದರೆ ಮಾತ್ರ ದೊಡ್ಡಕ್ಷರದಿಂದ ಶುರು. ಪೂರ್ತಿ ಬರೆದರೆ ವಾಕ್ಯದ ಮಧ್ಯೆ ಸಣ್ಣಕ್ಷರವೇ. ಗೌರವಕ್ಕೆಂದು ದೊಡ್ಡಕ್ಷರ ಹಾಕುವುದು ಬೇಡ.

ಬಿಸಿಬೇಳೆ
ಒಂದು ತಕರಾರು. ಎಲ್ಲರೂ ಸರ್ವನಾಮಕ್ಕೇ ಗಂಟು ಬಿದ್ದಿದ್ದೀರಿ. ಉಸ್ತೇದ್ ಹಾಕಿದ ಮಾತ್ರಕ್ಕೆ ಮಾತು ವಿನಯವಾಗುವುದಿಲ್ಲ. "ಮಾಂದೆಮೆ ಎಲ್ ಅರ್ಚೀಬೊ", ಫೈಲ್ ಕಳಿಸಿ ಎಂಬುದು ಉಸ್ತೇದ್ ಆದರೂ ಹುಕುಂ. "ಪೊದ್ರೀಅಸ್ ಮಂದಾರ್ಮೆ ಎಲ್ ಅರ್ಚೀಬೊ", ಕಳಿಸೋಕೆ ಆಗುತ್ತಾ ಎಂಬುದು ತೂ ಆದರೂ ಮೃದು. ಹಿರಿಯರಿಗಾದರೆ ಅದೇ "ಪೊದ್ರೀಅ". ಎರಡರಲ್ಲಿ ಒಂದನ್ನೇ ಕಲಿಯಲು ಹೊತ್ತಿದ್ದರೆ ಇದನ್ನು ಕಲಿಯಿರಿ.

ಇನ್ನೊಂದು: ಕನ್ನಡದ ಅಂಕಲ್, ಆಂಟಿಯನ್ನು ಭಾಷಾಂತರ ಮಾಡಬೇಡಿ. ಸ್ಪೇನ್‌ನಲ್ಲಿ "ತೀಒ", "ತೀಅ" ಎಂದು ಸಂಬಂಧಿಕರಲ್ಲದವರನ್ನು ಕರೆದರೆ "ಮಚ್ಚಾ", "ಗುರು" ಎಂದಂತೆ. ಬೀದಿಯಲ್ಲಿ ದಾರಿ ಕೇಳಲು ಹಿರಿಯ ಹೆಂಗಸಿಗೆ "ಪೆರ್ದೋನೆ, ಸೆನ್ಯೋರ" ಅನ್ನಿ.

ಕಾಫಿಗಿಡ
ಚಿಲಿಯಲ್ಲಿ ಪುಟ್ಟ ಮಕ್ಕಳು ಶಿಶುವಿಹಾರದ ಟೀಚರನ್ನು ತೀಅ ಎಂದೇ ಕರೆಯುತ್ತಾರೆ. ಅದು ಮಕ್ಕಳ ಹಕ್ಕು, ನಮ್ಮದಲ್ಲ.

ಹುಣಸೆಬೀಜ
ಎದುರಿನವರು ಯಾವ ದೇಶದವರು ಎಂದೇ ತಿಳಿಯದಿದ್ದರೆ? ವಿಮಾನದಲ್ಲಿ ಪಕ್ಕದ ಸೀ‍ಟಿನವರು, ಸಮ್ಮೇಳನದಲ್ಲಿ ಸಿಕ್ಕವರು.

ನುಡಿಜೋಳಿಗೆ
ಮೊದಲ ಎರಡು ಮಾತು ಸರ್ವನಾಮವೇ ಬೇಡದಂತೆ ಆಡಿ. "ಬ್ವೇನೊಸ್ ದೀಅಸ್", "ಕೆ ತಾಲ್", "ಮೂಚೊ ಗೂಸ್ತೊ", ಅಂಗಡಿಯಲ್ಲಿ "ಕ್ವಾಂತೊ ಎಸ್", ಒಳಗೆ ಬರಬಹುದೇ ಎನ್ನಲು "ಸೆ ಪ್ವೇದೆ". ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಅಷ್ಟರಲ್ಲಿ ಅವರು ಬಾಯಿ ಬಿಡುತ್ತಾರೆ. "ದೆ ದೋಂದೆ ಏರೆಸ್" ಎಂದರೆ ತೂ, "ಸೋಸ್" ಎಂದರೆ ಬೋಸ್, "ಎಸ್" ಎಂದರೆ ಉಸ್ತೇದ್. ಯಾವ ಊರು ಎಂದು ಅವರು ಕೇಳಿದ ಪ್ರಶ್ನೆಯಲ್ಲೇ ಉತ್ತರವೂ ಇರುತ್ತದೆ. ತುಂಬಾ ಹಿರಿಯರಾದರೆ ಅವರು ಏನೇ ಅಂದರೂ ನಿಮ್ಮದು "ಇ ಉಸ್ತೇದ್", ಮತ್ತೆ ತಾವು?

ಹುಣಸೆಬೀಜ
"ಇ ಉಸ್ತೇದ್", ಉಸ್ತೇದೆಸ್ ಅಲ್ಲ. ಬರೆದಿಟ್ಟುಕೊಂಡೆ. ತಿದ್ದಿದ ಮೇಲ್ ಈಗ ಹೊರಡುತ್ತದೆ.

ಪೇಢೆಪ್ರಿಯ
"ಯಾಮೆಮೆ" ಇನ್ನೊಮ್ಮಿ ನೋಡಿ ಕಳಸ್ರಿ.